ಅಪ್ಪನಿಗೆ ಏಳನೇ ಮಹಡಿ ಒಗ್ಗುತ್ತಿಲ್ಲ: ಹೊಸ ಜಾಗ ರೂಢಿಯಾಗಲು ಎಷ್ಟು ದಿನ ಬೇಕು?

ಓಣಿಯವನು (ಶನಿವಾರ, ಬೆಳಿಗ್ಗೆ 8:40)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಮ್ಮದು ಬಾಗಲಕೋಟೆ. ಅಪ್ಪನಿಗೆ 76 ವರ್ಷ. ನಲವತ್ತು ವರ್ಷ ಸೀರೆ ಅಂಗಡಿ ನಡೆಸಿದವರು. ಯಾವ ಊರಿನ ಯಾರ ಮನೆಯ ಮದುವೆಗೆ ಎಷ್ಟು ಇಳಕಲ್ ಸೀರೆ ಹೋಗಿತ್ತು ಎಂದು ಇವತ್ತಿಗೂ ಲೆಕ್ಕದ ಪುಸ್ತಕ ತೆರೆಯದೆ ಹೇಳುತ್ತಾರೆ. ಅಮ್ಮ ತೀರಿಕೊಂಡ ಮೇಲೆ ಒಬ್ಬರನ್ನೇ ಬಿಡುವುದು ಬೇಡವೆಂದು ಜೂನ್ ಮೊದಲ ವಾರ ಬೆಂಗಳೂರಿಗೆ ಕರೆತಂದೆವು. ನಾವಿರುವುದು ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ.

ಕಳೆದ ವಾರ ಕೊತ್ತಂಬರಿ ತರಲು ಕೆಳಗೆ ಹೋದವರು ವಾಪಸು ಬರುವಾಗ ಆರನೇ ಮಹಡಿಯಲ್ಲೇ ಇಳಿದು, ನಮ್ಮ ಮನೆಯ ನೇರ ಕೆಳಗಿರುವ ಮನೆಯ ಬಾಗಿಲಿಗೆ ಕೀಲಿಕೈ ಹಾಕಿ ತಿರುಗಿಸುತ್ತಿದ್ದರು. ಒಳಗಿದ್ದ ಹೆಂಗಸು ಹೆದರಿ ಕಾವಲುಗಾರನನ್ನು ಕರೆದರು. ದೊಡ್ಡ ರಾದ್ಧಾಂತವೇನೂ ಆಗಲಿಲ್ಲ. ಆದರೆ ಅಂದಿನಿಂದ ಅಪ್ಪ ಹೊಸ್ತಿಲು ದಾಟಿಲ್ಲ. ಟಿ.ವಿ. ಮುಂದೆ ಕುಳಿತಿರುತ್ತಾರೆ, ಟಿ.ವಿ. ಹಚ್ಚಿರುವುದಿಲ್ಲ.

ವಿಚಿತ್ರವೆಂದರೆ ಮನೆ ಬಿಟ್ಟು ಬರುವುದು ಅವರಿಗೆ ಹೊಸದಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆ ಊರಿನ ನಮ್ಮ ಓಣಿ ಹೋದಾಗ ನವನಗರಕ್ಕೆ ಬಂದು ಮನೆ ಕಟ್ಟಿದವರು. ಎರಡು ವರ್ಷದಲ್ಲಿ ಎಲ್ಲ ರೂಢಿಯಾಯಿತು ಎಂದು ಅವರೇ ಹೇಳುತ್ತಾರೆ. ಹಾಗಾದರೆ ಈಗೇನಾಯಿತು? ಅಕ್ಕ ಫೋನಿನಲ್ಲಿ ‘ಮೊದಲು ಊರಿಗೆ ಕಳಿಸು’ ಎನ್ನುತ್ತಾಳೆ. ಹೆಂಡತಿ ‘ಒಬ್ಬರನ್ನೇ ಹೊರಗೆ ಬಿಡಬೇಡಿ’ ಎನ್ನುತ್ತಾಳೆ. ಒಳಗೇ ಇಟ್ಟುಕೊಳ್ಳಬೇಕೋ, ಒತ್ತಾಯ ಮಾಡಿ ಹೊರಗೆ ಕಳಿಸಬೇಕೋ? ಹೊಂದಿಕೊಳ್ಳಲು ಎಷ್ಟು ದಿನ ಬೇಕು?

ಕಾಫಿಲೋಟ (8:52)

21 ದಿನ. ಯಾವ ಅಭ್ಯಾಸಕ್ಕೂ 21 ದಿನ ಸಾಕು. ದಿನಾ ಜೊತೆಗೆ ಓಡಾಡಿಸಿ, ತಾನಾಗಿ ಬರುತ್ತದೆ.

ತಪ್ಪುಹುಡುಕ (9:05)

ಜೂನ್‌ನಿಂದ ಎಷ್ಟು 21 ದಿನಗಳಾದವು ಎಂದು ಎಣಿಸಿದಿರಾ? ಈ 21ರ ಮೂಲ ಗೊತ್ತಿದೆಯೇ? ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದು. ಮೂಗು ತಿದ್ದಿಸಿಕೊಂಡವರಿಗೆ ಕನ್ನಡಿಯಲ್ಲಿ ಹೊಸ ಮುಖ ರೂಢಿಯಾಗಲು ಕನಿಷ್ಠ 21 ದಿನ ಹಿಡಿಯುತ್ತದೆ ಎಂದು ಅವರು ಗಮನಿಸಿದ್ದರು. ‘ಕನಿಷ್ಠ’ ಎಂಬ ಪದವನ್ನು ಜನ ದಾರಿಯಲ್ಲೆಲ್ಲೋ ಬೀಳಿಸಿಬಿಟ್ಟರು.

2009ರಲ್ಲಿ ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನೋಡಿದಾಗ, ಒಂದು ಸಣ್ಣ ಅಭ್ಯಾಸ ಯೋಚಿಸದೆ ಬರುವಂತಾಗಲು ನಡುವಿನ ಲೆಕ್ಕ 66 ದಿನ ಬಂತು. ಕೆಲವರಿಗೆ 18, ಕೆಲವರಿಗೆ 254.

ಕಾಫಿಲೋಟ (9:11)

ಸರಿ ಸ್ವಾಮಿ, 66 ಎಂದೇ ಇಟ್ಟುಕೊಳ್ಳೋಣ.

ತಪ್ಪುಹುಡುಕ (9:14)

ಅದನ್ನೂ ಇಟ್ಟುಕೊಳ್ಳಬೇಡಿ. ಅವರು ಕಲಿತದ್ದು ಊಟದ ಜೊತೆ ನೀರು ಕುಡಿಯುವಂಥ ಕೆಲಸಗಳನ್ನು. ಸ್ವಂತ ಮನೆಯಲ್ಲಿ, ಸ್ವಂತ ಮೇಜಿನ ಮೇಲೆ. ಇಲ್ಲಿ ಮೇಜೇ ಬದಲಾಗಿದೆ.

ನಾಡಿಬಡಿತ (9:30)

ವೈದ್ಯೆಯಾಗಿ ಒಂದು ಮಾತು, ಮಿಕ್ಕ ಚರ್ಚೆ ಆಮೇಲೆ. ವಯಸ್ಸಾದವರು ದಾರಿ ತಪ್ಪಿದರೆ ಮೊದಲು ಪರೀಕ್ಷೆ ಮಾಡಿಸಿ. ಕಣ್ಣಿನ ಪೊರೆ, ಕಿವಿ, ಬಿ12, ಥೈರಾಯ್ಡ್, ಸಕ್ಕರೆ, ಹೊಸದಾಗಿ ಶುರುವಾದ ಯಾವುದಾದರೂ ಮಾತ್ರೆ. ಮೂತ್ರದ ಸೋಂಕು ಕೂಡ ಈ ವಯಸ್ಸಿನಲ್ಲಿ ಗೊಂದಲವಾಗಿಯೇ ಕಾಣಿಸಿಕೊಳ್ಳಬಹುದು. ಹೆಂಡತಿಯನ್ನು ಕಳೆದುಕೊಂಡ ದುಃಖವೂ ಮರೆವಿನ ವೇಷದಲ್ಲಿ ಬರುತ್ತದೆ. ಮನೆಯೊಳಗೂ ದಾರಿ ತಪ್ಪುತ್ತಾರೆಯೇ? ಹಣದ ಲೆಕ್ಕ ಸರಿಯಾಗಿದೆಯೇ?

ಓಣಿಯವನು (9:48)

ಮೇಡಂ, ಮನೆಯೊಳಗೆ ಏನೂ ತೊಂದರೆ ಇಲ್ಲ. ಹಾಲಿನವನ ತಿಂಗಳ ಲೆಕ್ಕದಲ್ಲಿ 40 ರೂಪಾಯಿ ತಪ್ಪು ಹಿಡಿದದ್ದು ಅವರೇ. ಬಲಗಣ್ಣಿಗೆ ಪೊರೆ ಬಂದಿದೆ ಎಂದು ಊರಿನಲ್ಲೇ ಹೇಳಿದ್ದರು, ಮುಂದೂಡಿದ್ದೆವು. ಸೋಮವಾರ ತೋರಿಸುತ್ತೇನೆ.

ನಕ್ಷೆಗಾರ್ತಿ (10:20)

ನಾನು ಕಟ್ಟಡ ವಿನ್ಯಾಸದವಳು, ಹಾಗಾಗಿ ತಪ್ಪಿನಲ್ಲಿ ನಮ್ಮವರ ಪಾಲೂ ಇದೆ ಎಂದು ಒಪ್ಪಿಕೊಂಡೇ ಶುರು ಮಾಡುತ್ತೇನೆ.

ನಿಮ್ಮ ಅಪ್ಪ ದಾರಿ ಮರೆತಿಲ್ಲ. ನೆನಪಿಟ್ಟುಕೊಳ್ಳಲು ಅಲ್ಲಿ ಏನೂ ಇಲ್ಲ. ಲಿಫ್ಟ್ ತೆರೆದರೆ ಅದೇ ಬೂದುಬಣ್ಣದ ನೆಲಹಾಸು, ಅದೇ ಕಂದು ಬಾಗಿಲು, ಅದೇ ಬಿಳಿ ದೀಪ. ಆರಕ್ಕೂ ಏಳಕ್ಕೂ ವ್ಯತ್ಯಾಸ ಒಂದು ಸಣ್ಣ ಅಂಕಿ, ಅದೂ ಪೊರೆ ಬಂದ ಕಣ್ಣಿಗೆ.

ಕೆವಿನ್ ಲಿಂಚ್ ಎಂಬ ಯೋಜಕ 1960ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲಿಸ್ ನಿವಾಸಿಗಳಿಂದ ಅವರವರ ಊರಿನ ನಕ್ಷೆ ಬರೆಸಿದರು. ಜನರ ತಲೆಯಲ್ಲಿ ಊರು ನಿಲ್ಲುವುದು ಐದು ಬಗೆಯಲ್ಲಿ ಎಂದು ಅವರ ತೀರ್ಮಾನ: ದಾರಿ, ಅಂಚು, ಕೇರಿ, ಕೂಡುಜಾಗ, ಎದ್ದು ಕಾಣುವ ಗುರುತು. ಜರ್ಸಿ ಸಿಟಿಯವರ ನಕ್ಷೆಗಳು ಸೊರಗಿದ್ದವು. ಅಲ್ಲಿನವರು ಮಂದಬುದ್ಧಿಯವರಾಗಿರಲಿಲ್ಲ, ಊರಿನಲ್ಲಿ ಹಿಡಿದುಕೊಳ್ಳಲು ಗುರುತುಗಳೇ ಕಡಿಮೆ ಇದ್ದವು.

ನಮ್ಮ ಹಳೆಯ ಓಣಿಗಳನ್ನು ನೆನೆಸಿಕೊಳ್ಳಿ. ತಿರುವಿಗೊಂದು ಬೇವಿನ ಮರ, ಹನುಮಪ್ಪನ ಗುಡಿ, ಗಿರಣಿಯ ಸದ್ದು, ಹಿಟ್ಟಿನ ವಾಸನೆ. ಕಣ್ಣು ಮುಚ್ಚಿದರೂ ಮನೆ ಸಿಗುತ್ತಿತ್ತು. ಬಾಗಿಲ ಮುಂದೆ ಒಂದು ಗುರುತು ಇಡಿ, ಬಣ್ಣ ಗಾಢವಾಗಿರಲಿ. ಲಿಫ್ಟ್ ತೆರೆದ ಕೂಡಲೇ ಕಾಣುವಂತಿದ್ದರೆ ಇನ್ನೂ ಒಳ್ಳೆಯದು. ಒಂದು ತುಳಸಿ ಕುಂಡ ಸಾಕು.

ಚಪ್ಪಲಿಗೂಡು (10:31)

ತುಳಸಿ ಕುಂಡವೇ? ನಮ್ಮ ಸಂಘದವರು ಬಾಗಿಲ ಹೊರಗೆ ಚಪ್ಪಲಿ ಬಿಟ್ಟರೂ ದಂಡ ಹಾಕುತ್ತಾರೆ. ಮೊನ್ನೆ ಎರಡು ಜೊತೆ ಚಪ್ಪಲಿಗೆ 500 ರೂಪಾಯಿ.

ಕಾಫಿಲೋಟ (10:33)

ಚಪ್ಪಲಿಯ ಬೆಲೆಗಿಂತ ಹೆಚ್ಚಾಯಿತಲ್ಲ.

ನಕ್ಷೆಗಾರ್ತಿ (10:40)

ಬೆಂಕಿ ಬಿದ್ದಾಗ ಓಡುವ ದಾರಿ ಅದು, ನಿಯಮ ಪೂರ್ತಿ ತಪ್ಪಲ್ಲ. ಗೋಡೆಗೆ, ಬಾಗಿಲಿಗೆ ಅಂಟಿಕೊಂಡಿದ್ದರೆ ಆಕ್ಷೇಪ ಬರಲಿಕ್ಕಿಲ್ಲ.

ಜೈನಪೇಟೆ ಹಲಗೆ (11:15)

ಓಣಿಯವರೇ, ನಾನೂ ನಿಮ್ಮ ಊರಿನವನೇ. ‘ಎರಡು ವರ್ಷದಲ್ಲಿ ರೂಢಿಯಾಯಿತು’ ಎಂಬ ಮಾತನ್ನು ನಂಬಬೇಡಿ. ನನ್ನ ಅಪ್ಪನೂ ಹಾಗೆಯೇ ಹೇಳುತ್ತಿದ್ದರು. ಅವರು ಹತ್ತು ವರ್ಷ ಕ್ಷೌರಕ್ಕೆ ನವನಗರದಿಂದ ಹಳೆ ಊರಿಗೇ ಹೋಗುತ್ತಿದ್ದರು. ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿ ಯೋಜನೆ ಹಾಕಿದ ಊರು, ರಸ್ತೆ ಅಗಲ, ಗಾಳಿ ಬೆಳಕು ಎಲ್ಲ ಸರಿ. ಆದರೆ ವಿಳಾಸ ಕೇಳಿದರೆ ಸೆಕ್ಟರ್ ನಂಬರು. ಸೆಕ್ಟರ್ ನಂಬರಿಗೆ ಯಾರಾದರೂ ಹರಟೆಗೆ ಹೋಗುತ್ತಾರೆಯೇ?

ಆದರೂ ಅವರು ಅಲ್ಲಿ ಬದುಕಿದರು. ಏಕೆ ಗೊತ್ತೇ? ಮುಳುಗಿದ್ದು ಒಬ್ಬರ ಮನೆಯಲ್ಲ. ಪಕ್ಕದ ಮನೆಯವರೂ ಬಂದರು, ಅಂಗಡಿಯ ಗಿರಾಕಿಯೂ ಬಂದ, ಬೈಯಲು ಬೇಕಾದ ದಾಯಾದಿಯೂ ಬಂದ. ಹೋಳಿ ಬಂದರೆ ಎಲ್ಲರೂ ಹಳೆ ಊರಿಗೆ ಹೋಗಿ ಹಲಗೆ ಬಾರಿಸುತ್ತಿದ್ದರು. ಕಿಲ್ಲಾ, ಹೊಸಪೇಟೆ, ವೆಂಕಟಪೇಟೆ, ನಮ್ಮ ಜೈನಪೇಟೆ, ಒಂದೊಂದರ ಬಣ್ಣದ ಬಂಡಿ ಬೇರೆ. ಓಣಿಯ ನೆಲ ನೀರಿಗೆ ಹೋದರೂ ಓಣಿ ಜನರ ಜೊತೆಯಲ್ಲೇ ಇತ್ತು. ಈ ಸಲ ನಿಮ್ಮ ಅಪ್ಪ ಒಬ್ಬರೇ ಬಂದಿದ್ದಾರೆ. ಎರಡೂ ಒಂದೇ ಲೆಕ್ಕವಲ್ಲ.

ಓಣಿಯವನು (11:22)

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ ಅಣ್ಣಾ. ಅಪ್ಪ ಕ್ಷೌರಕ್ಕೆ ಹೋಗುತ್ತಿದ್ದದ್ದೂ ಹಳೆ ಊರಿಗೇ.

ಶರಾವತಿ ದಡ (12:05)

ನಮ್ಮ ಅಜ್ಜಿಯದ್ದು ಲಿಂಗನಮಕ್ಕಿಯ ಕಥೆ. 1964ರಲ್ಲಿ ಅಣೆಕಟ್ಟು ಮುಗಿಯಿತು, ಅದಕ್ಕೂ ಮೊದಲೇ ಇವರನ್ನು ಲಾರಿಯಲ್ಲಿ ತಂದು ಕಾಡಿನ ನಡುವೆ ಇಳಿಸಿದ್ದರು. ಅಲ್ಲಿ ಬೇಸಾಯವೇ ಬೇರೆ, ಮಳೆ ಬರುವ ದಿಕ್ಕೂ ಬೇರೆ. ಅಜ್ಜಿ ಸಾಯುವವರೆಗೂ ಹೊಸ ಮನೆಯ ಜಗಲಿಯಲ್ಲಿ ಕುಳಿತು ‘ಹೊಳೆ ಆ ಕಡೆಗಿದೆ’ ಎಂದು ತಪ್ಪು ದಿಕ್ಕಿಗೆ ಕೈ ತೋರಿಸುತ್ತಿದ್ದರು. ಅವರಿಗೆ ಮರೆವು ಇರಲಿಲ್ಲ. ತಲೆಯೊಳಗಿನ ಹೊಳೆಯನ್ನು ಅವರು ಸ್ಥಳಾಂತರ ಮಾಡಿರಲಿಲ್ಲ, ಅಷ್ಟೆ. ಭೂಮಿಯ ಹಕ್ಕುಪತ್ರದ ತಗಾದೆ ಇವತ್ತಿಗೂ ನಡೆಯುತ್ತಿರುವಾಗ ಮನಸ್ಸಿನ ಹಕ್ಕುಪತ್ರವನ್ನು ಯಾರು ಕೇಳಬೇಕು!

ಇನ್ನೊಂದು ತಮಾಷೆ. 2025ರ ಜುಲೈನಲ್ಲಿ ಅದೇ ಹಿನ್ನೀರಿನ ಮೇಲೆ ಸಿಗಂದೂರಿನ ಸೇತುವೆ ತೆರೆಯಿತು. ಅರುವತ್ತು ವರ್ಷ ಕಾದದ್ದು, ಎಲ್ಲರಿಗೂ ಖುಷಿ. ಆದರೆ ನಮ್ಮ ಚಿಕ್ಕಪ್ಪ ಇನ್ನೂ ಸಂಜೆಯಾದರೆ ‘ಕೊನೆಯ ಲಾಂಚ್ ತಪ್ಪುತ್ತದೆ, ಹೊರಡಿ’ ಎಂದು ಎದ್ದು ನಿಲ್ಲುತ್ತಾರೆ. ಲಾಂಚಿನ ಹೊತ್ತಿಗೇ ಅವರ ಹಸಿವು, ನಿದ್ದೆ, ಮಾತು ಎಲ್ಲ ಹೊಂದಿಕೊಂಡುಬಿಟ್ಟಿತ್ತು. ಬೇಕು ಬೇಕೆಂದು ಪಡೆದ ಬದಲಾವಣೆಗೂ ಕಾಲು ಬೇಗ ಒಪ್ಪುವುದಿಲ್ಲ.

ಬಲಗಡೆ ಚಾಲಕ (12:30)

ಕಾಲಷ್ಟೇ ಅಲ್ಲ, ಕೈಯೂ ಒಪ್ಪುವುದಿಲ್ಲ. ಅಮೆರಿಕಕ್ಕೆ ಬಂದ ಮೊದಲ ಎರಡು ತಿಂಗಳು ತಿರುವಿಗೆ ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕುತ್ತಿದ್ದೆ. ಬಿಸಿಲಿನಲ್ಲಿ ಗಾಜು ಒರೆಸಿಕೊಂಡು ಹೋಗುವ ಕಾರು ಕಂಡರೆ ಒಳಗೆ ನಮ್ಮವರೇ ಇದ್ದಾರೆ ಎಂದು ತಿಳಿಯಿರಿ. ರಜೆಗೆ ಊರಿಗೆ ಬಂದಾಗ ಮತ್ತೆ ಉಲ್ಟಾ.

ತಪ್ಪುಹುಡುಕ (12:41)

ಸ್ವೀಡನ್ ದೇಶವೇ ಹೀಗೆ ಒಂದು ಬೆಳಗಿನಲ್ಲಿ ಬದಲಾಯಿತು. 1967ರ ಸೆಪ್ಟೆಂಬರ್ 3, ಬೆಳಗಿನ 5 ಗಂಟೆಗೆ ವಾಹನಗಳೆಲ್ಲ ರಸ್ತೆಯ ಎಡದಿಂದ ಬಲಕ್ಕೆ. ಹೆಣಗಳು ಉರುಳುತ್ತವೆ ಎಂದು ಹೆದರಿದ್ದವರಿಗೆ ಅಚ್ಚರಿಯಾಯಿತು, ಮೊದಲಿಗೆ ಅಪಘಾತಗಳು ಕಡಿಮೆಯೇ ಆದವು. ಎಲ್ಲರೂ ಕಣ್ಣು ಬಿಟ್ಟುಕೊಂಡು ಓಡಿಸಿದರು. ರೂಢಿಯಾದ ಮೇಲೆ ಒಂದೆರಡು ವರ್ಷಗಳಲ್ಲಿ ಹಳೆಯ ಮಟ್ಟಕ್ಕೇ ಬಂದವು.

ಕಾಫಿಲೋಟ (12:44)

ಅಂದರೆ ರೂಢಿಯಾಗದೇ ಇರುವುದೇ ಕ್ಷೇಮ. ಇದನ್ನು ಮೊದಲೇ ಹೇಳಿದ್ದರೆ 21 ದಿನದ ಜಗಳವೇ ಇರುತ್ತಿರಲಿಲ್ಲ.

ಸೊಸೆಯ ಪಕ್ಷ (ಮಧ್ಯಾಹ್ನ 2:10)

ಎಲ್ಲರ ಮಾತೂ ಓದಿದೆ. ಬಾಸ್ಟನ್ ಆಯಿತು, ಸ್ವೀಡನ್ ಆಯಿತು. ನಿಮ್ಮ ಮನೆಯ ಒಳಗೇ ಇದೇ ಪ್ರಯೋಗ ನಡೆದಿದೆ, ಯಾರಿಗೂ ಕಾಣಲಿಲ್ಲ.

ನಾನು ಮದುವೆಯಾಗಿ ಬಂದಾಗ 23 ವರ್ಷ. ಶಿರಸಿಯಿಂದ ರಾಯಚೂರಿಗೆ. ನೀರಿನ ರುಚಿ ಬೇರೆ, ಬಿಸಿಲು ಬೇರೆ, ಕನ್ನಡ ಬೇರೆ, ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಯಾವ ಕಡೆ ಎಂಬುದೂ ಬೇರೆ. ನನಗೆ ಯಾರೂ 66 ದಿನ ಕೊಡಲಿಲ್ಲ. ಎರಡನೆಯ ದಿನವೇ ‘ಇನ್ನೂ ಹೊಂದಿಕೊಂಡಿಲ್ಲವೇ’ ಎಂದು ಕೇಳಿದರು. ಈ ನಾಡಿನ ಹೆಣ್ಣುಮಕ್ಕಳೆಲ್ಲ ಒಮ್ಮೆ ಮುಳುಗಡೆಯಾಗಿ ಎದ್ದವರೇ. ಪರಿಹಾರದ ಹಣವೂ ಇಲ್ಲ, ಸೆಕ್ಟರೂ ಇಲ್ಲ.

ಓಣಿಯವರೇ, ‘ಹೆಂಡತಿ ಬಿಡಬೇಡಿ ಎನ್ನುತ್ತಾಳೆ’ ಎಂದು ಒಂದು ಸಾಲಿನಲ್ಲಿ ಮುಗಿಸಿದಿರಿ. ಹಗಲೆಲ್ಲ ಮಾವನವರ ಜೊತೆ ಇರುವುದು ಆಕೆಯೇ ತಾನೇ? ಅವರು ಕಳೆದುಹೋದರೆ ಅಕ್ಕನಿಂದ ಮಾತು ಕೇಳುವುದೂ ಆಕೆಯೇ.

ಓಣಿಯವನು (2:35)

ಹೌದು. ಫೋನನ್ನು ಅವಳ ಕೈಗೆ ಕೊಟ್ಟು ಓದಿಸಿದೆ. ‘ಇವರು ಯಾರು, ನಂಬರು ಕೊಡಿ’ ಎಂದಳು.

ತಪ್ಪುಹುಡುಕ (2:50)

ಮಾತಿನಲ್ಲಿ ಸತ್ಯವಿದೆ, ಆದರೆ 23ಕ್ಕೂ 76ಕ್ಕೂ ವ್ಯತ್ಯಾಸವಿಲ್ಲವೇ?

ಸೊಸೆಯ ಪಕ್ಷ (2:58)

ಇದೆ. 76ರವರನ್ನು ‘ಏಕೆ ಒಗ್ಗುತ್ತಿಲ್ಲ’ ಎಂದು ಕೇಳುವವರಿದ್ದಾರೆ. ವ್ಯತ್ಯಾಸ ಹೇಳಬೇಕೆಂದರೆ ಇನ್ನೊಂದೂ ಇದೆ. ನನಗೆ ಆ ಮನೆಯಲ್ಲಿ ಕೆಲಸವಿತ್ತು. ಬೇಡವೆಂದರೂ ಇತ್ತು. ಕೈ ಕೆಲಸ ಮಾಡುತ್ತಾ ಮಾಡುತ್ತಾ ಮನೆ ಕಲಿತುಕೊಂಡಿತು. ಓಣಿಯವರ ಅಪ್ಪನಿಗೆ ಅಲ್ಲಿ ಏನು ಕೆಲಸ?

ನಿವೃತ್ತ ಮೇಷ್ಟ್ರು (3:40)

ಈ ತಾಯಿ ಹೇಳಿದ್ದಕ್ಕೆ ಒಂದು ಪ್ರಸಿದ್ಧ ಪ್ರಯೋಗವೇ ಇದೆ. ಮನಶ್ಶಾಸ್ತ್ರ ಕಲಿಸುತ್ತಿದ್ದಾಗ ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಅಮೆರಿಕದ ಕನೆಕ್ಟಿಕಟ್‌ನ ಒಂದು ವೃದ್ಧಾಶ್ರಮದಲ್ಲಿ ಎರಡು ಮಹಡಿಗಳನ್ನು ತೆಗೆದುಕೊಂಡರು. ಒಂದು ಮಹಡಿಯವರಿಗೆ, ನಿಮ್ಮ ಕೋಣೆ ಹೇಗಿರಬೇಕೆಂದು ನೀವೇ ತೀರ್ಮಾನಿಸಿ, ಈ ಗಿಡಗಳಲ್ಲಿ ಬೇಕಾದದ್ದನ್ನು ಆರಿಸಿ ನೀವೇ ನೀರು ಹಾಕಿ ಎಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವುದು ದಾದಿಯರ ಕೆಲಸ, ನೀವು ಆರಾಮವಾಗಿರಿ ಎಂದರು. ಮೂರು ವಾರಗಳಲ್ಲೇ ಮೊದಲ ಮಹಡಿಯವರು ಹೆಚ್ಚು ಲವಲವಿಕೆಯಿಂದಿದ್ದರು. ಹದಿನೆಂಟು ತಿಂಗಳ ಮೇಲೆ ನೋಡಿದರೆ ಸಾವಿನ ಪ್ರಮಾಣವೂ ಅಲ್ಲಿ ಅರ್ಧದಷ್ಟೇ.

‘ನೀವು ಆರಾಮವಾಗಿರಿ ಅಪ್ಪಾ’ ಎಂದು ನಾವು ಪ್ರೀತಿಯಿಂದ ಹೇಳುತ್ತೇವಲ್ಲ, ಆ ಮಾತೇ ಎರಡನೆಯ ಮಹಡಿ.

ತಪ್ಪುಹುಡುಕ (3:55)

ಮೇಷ್ಟ್ರೇ, ಕ್ಷಮಿಸಿ. ಸಾವಿನ ಆ ಅಂಕಿಯ ಲೆಕ್ಕದಲ್ಲಿ ತಪ್ಪಿದೆ ಎಂದು 1978ರಲ್ಲಿ ಲೇಖಕಿಯರೇ ತಿದ್ದುಪಡಿ ಪ್ರಕಟಿಸಿದರು. ವ್ಯತ್ಯಾಸ ಮೊದಲು ತೋರಿಸಿದಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಜನರೂ ಕಡಿಮೆ.

ನಿವೃತ್ತ ಮೇಷ್ಟ್ರು (4:10)

ತಿದ್ದುಪಡಿ ನನಗೆ ಗೊತ್ತಿರಲಿಲ್ಲ, ಇಪ್ಪತ್ತು ವರ್ಷ ಆ ಅಂಕಿಯನ್ನು ಕಲಿಸಿದ್ದೇನೆ. ಧನ್ಯವಾದ. ಆದರೆ ಮೂರು ವಾರಗಳ ಲವಲವಿಕೆಯನ್ನು ನನಗೆ ಬಿಟ್ಟುಕೊಡಿ.

ತಪ್ಪುಹುಡುಕ (4:12)

ಬಿಟ್ಟುಕೊಟ್ಟೆ.

ಹೊಸಬ 77 (4:30)

ಮನೆ ಬದಲಿಸಿದ ಮೊದಲ ಮೂರು ತಿಂಗಳಲ್ಲಿ ಹಳೆಯ ಅಭ್ಯಾಸ ಸಡಿಲವಾಗಿರುತ್ತದೆ, ಹೊಸದನ್ನು ಕಲಿಸಲು ಅದೇ ಸರಿಯಾದ ಕಾಲ ಎಂದು ಓದಿದ್ದೆ. ಜೂನ್‌ನಿಂದ ಲೆಕ್ಕ ಹಾಕಿದರೆ ಇವರಿಗೆ ಇನ್ನೊಂದೇ ವಾರ ಉಳಿದಿದೆ!

ತಪ್ಪುಹುಡುಕ (4:44)

ಗಾಬರಿ ಹುಟ್ಟಿಸಬೇಡಿ. ಅದು ಇಂಗ್ಲೆಂಡಿನಲ್ಲಿ ಬಾಸ್ ವೆರ್‌ಪ್ಲ್ಯಾಂಕೆನ್ ಮತ್ತು ಜೊತೆಗಾರರು 800 ಜನರ ಮೇಲೆ ಮಾಡಿ 2016ರಲ್ಲಿ ಪ್ರಕಟಿಸಿದ್ದು. ವಿದ್ಯುತ್, ನೀರು ಉಳಿಸುವುದು, ಓಡಾಟದ ರೀತಿ, ಇಂಥ ಪರಿಸರಸ್ನೇಹಿ ಅಭ್ಯಾಸಗಳ ವಿಷಯ. ಸೆಪ್ಟೆಂಬರ್ ಒಂದಕ್ಕೆ ಯಾರ ಮಿದುಳಿನ ಬಾಗಿಲೂ ಮುಚ್ಚುವುದಿಲ್ಲ.

ಚಪ್ಪಲಿಗೂಡು (4:50)

ಒಳ್ಳೆಯದಾಯಿತು. ನಮ್ಮ ಸಂಘದವರಿಗೆ ಗೊತ್ತಾದರೆ ಅದಕ್ಕೂ ದಂಡ ಹಾಕುತ್ತಿದ್ದರು.

ಜೈನಪೇಟೆ ಹಲಗೆ (5:20)

ನನ್ನದೊಂದು ತಕರಾರು. ಬಾಗಿಲಿಗೆ ಗುರುತು ಅಂಟಿಸುವುದು, ಕೈಗೆ ಚೀಟಿ ಕೊಡುವುದು, ಇವೆಲ್ಲ ಅಂಗನವಾಡಿಯ ಮಕ್ಕಳಿಗೆ ಮಾಡಿದ ಹಾಗೆ. ನಲವತ್ತು ವರ್ಷ ಗಲ್ಲೆಯ ಮೇಲೆ ಕುಳಿತ ಮನುಷ್ಯನಿಗೆ ಅವಮಾನವಾಗುತ್ತದೆ. ಅವರು ಹೊರಗೆ ಹೋಗದಿರುವುದು ದಾರಿ ಗೊತ್ತಿಲ್ಲವೆಂದಲ್ಲ, ಕಾವಲುಗಾರನ ಮುಂದೆ ತಲೆತಗ್ಗಿಸಿ ನಿಂತದ್ದಕ್ಕೆ.

ನಕ್ಷೆಗಾರ್ತಿ (5:41)

ಇದನ್ನು ನಾನು ಯೋಚಿಸಿರಲಿಲ್ಲ. ಹಾಗಾದರೆ ಗುರುತು ಯಾವುದೆಂದು ಅವರೇ ಆರಿಸಲಿ. ‘ನಿಮಗೆ ಗೊತ್ತಾಗಲಿ ಎಂದು’ ಎನ್ನಬೇಡಿ. ‘ಮನೆ ಬೋಳಾಗಿ ಕಾಣುತ್ತದೆ, ಬಾಗಿಲಿಗೆ ಏನಾದರೂ ಬೇಕು’ ಎನ್ನಿ.

ನಾಡಿಬಡಿತ (6:02)

ಮತ್ತೆ ನೆನಪಿಸುತ್ತೇನೆ: ಸೋಮವಾರ, ಕಣ್ಣು.

ಓಣಿಯವನು (ಹನ್ನೆರಡು ದಿನಗಳ ನಂತರ, ಗುರುವಾರ ರಾತ್ರಿ 9:15)

ತಡವಾಗಿ ಬರೆಯುತ್ತಿದ್ದೇನೆ. ರಕ್ತ ಪರೀಕ್ಷೆಯಲ್ಲಿ ಬಿ12 ಕಡಿಮೆ ಬಂತು, ಚುಚ್ಚುಮದ್ದು ಶುರುವಾಗಿದೆ. ಬಲಗಣ್ಣಿನ ಶಸ್ತ್ರಚಿಕಿತ್ಸೆಗೆ ಮುಂದಿನ ತಿಂಗಳ ದಿನಾಂಕ ಸಿಕ್ಕಿದೆ.

ಬಾಗಿಲು ಬೋಳಾಗಿದೆ ಎಂಬ ಮಾತನ್ನು ಹೆಂಡತಿ ಹೇಳಿದಳು, ನಾನು ಹೇಳಿದ್ದರೆ ಅನುಮಾನ ಬರುತ್ತಿತ್ತು. ಅಪ್ಪ ಪೆಟ್ಟಿಗೆ ತೆಗೆದು ಅಮ್ಮನ ಹಳೆಯ ಇಳಕಲ್ ಸೀರೆಯ ಸೆರಗನ್ನು, ಕೆಂಪು ತೋಪು ತೆನೆ ವಿನ್ಯಾಸದ್ದು, ಅಂಗೈ ಅಗಲ ಕತ್ತರಿಸಿ ಬಾಗಿಲ ಹಿಡಿಕೆಗೆ ಸುತ್ತಿದರು. ಅಮ್ಮನ ಸೀರೆಗೆ ಕತ್ತರಿ ಹಾಕಿದ್ದನ್ನು ನೋಡಿ ನನಗೆ ಕಸಿವಿಸಿಯಾಯಿತು. ಅವರಿಗೆ ಆಗಲಿಲ್ಲ. ‘ಸವೆದ ಕಡೆ ಕತ್ತರಿಸಿದ್ದೇನೆ’ ಎಂದರು, ವ್ಯಾಪಾರದ ದನಿಯಲ್ಲಿ.

ತರಕಾರಿಯ ಲೆಕ್ಕ ಈಗ ಅವರದ್ದು. ದಿನಾ ಕೆಳಗೆ ಹೋಗುತ್ತಾರೆ. ಮೊನ್ನೆ ಮತ್ತೆ ಆರರಲ್ಲಿ ಇಳಿದಿದ್ದಾರೆ. ಹಿಡಿಕೆಯಲ್ಲಿ ಸೆರಗು ಕಾಣದೆ, ತಾವೇ ಮೆಟ್ಟಿಲು ಹತ್ತಿ ಬಂದು, ಸೊಪ್ಪು ಕೆಳಗಿಟ್ಟು, ‘ಇವತ್ತೂ ತಪ್ಪಿದೆ’ ಎಂದು ಹೇಳಿ ನಕ್ಕರು. ಹೊಂದಿಕೊಂಡಿದ್ದಾರೆ ಎಂದು ನಾನು ಹೇಳುವುದಿಲ್ಲ. ಊರಿಗೆ ಯಾವಾಗ ಎಂದು ವಾರಕ್ಕೆ ಎರಡು ಸಲ ಕೇಳುತ್ತಾರೆ. ಹೋಳಿಗೆ ಕರೆದುಕೊಂಡು ಹೋಗುವುದು ಖಚಿತವಾಗಿದೆ. ಜೈನಪೇಟೆಯವರೇ, ನೀವು ಬಂದರೆ ಸಿಗೋಣ.

ಜೈನಪೇಟೆ ಹಲಗೆ (9:20)

ಬರದೇ ಇರುತ್ತೇನೆಯೇ! ಅಪ್ಪನವರಿಗೆ ಹಳೆಯ ಅಂಗಿ ಹಾಕಿಸಿಕೊಂಡು ಬನ್ನಿ.

ಸೊಸೆಯ ಪಕ್ಷ (9:26)

ನಿಮ್ಮ ಹೆಂಡತಿ ಮತ್ತು ನಾನು ಈಗ ದಿನಾ ಮಾತನಾಡುತ್ತೇವೆ. ನಿಮ್ಮ ವಿಷಯವೂ ಬರುತ್ತದೆ.

ಕಾಫಿಲೋಟ (9:27)

ಓಣಿಯವರೇ, ಈಗ ನೀವು ಹೊಂದಿಕೊಳ್ಳಬೇಕು. 21 ದಿನ.

ಚಪ್ಪಲಿಗೂಡು (9:33)

ಹಿಡಿಕೆಗೆ ಬಟ್ಟೆ ಸುತ್ತಿದ್ದಕ್ಕೆ ನಿಮ್ಮ ಸಂಘದವರು ಏನೂ ಹೇಳಲಿಲ್ಲವೇ?

ಓಣಿಯವನು (9:41)

ನಿಯಮದ ಪುಸ್ತಕವನ್ನು ಅಪ್ಪನೇ ಪೂರ್ತಿ ಓದಿದರು. ಚಪ್ಪಲಿ ಇದೆ, ಕುಂಡ ಇದೆ, ಸೈಕಲ್ ಇದೆ. ಸೆರಗು ಇಲ್ಲ.